ಮಕ್ಕಳ ಜೊತೆ ಮನೆ ಬದಲಿಸೋ ಮುಂಚೆ ಕೌಂಟಿ ಸ್ಕೂಲ್ ಡೇಟಾ ಹೇಗೆ ನೋಡ್ಬೇಕು: ವೇಕ್ ಕೌಂಟಿ ಉದಾಹರಣೆ ಇಟ್ಕೊಂಡು

"ರಾಲಿ ಕಡೆ ಮೂವ್ ಆಗ್ತಿದೀವಿ, ದೊಡ್ಡವಳು ಆರನೇ ಕ್ಲಾಸು, ಚಿಕ್ಕವನು ಎರಡನೇ ಕ್ಲಾಸು, ಯಾವ ಏರಿಯಾ ಒಳ್ಳೇದು ಹೇಳಿ ಪ್ಲೀಸ್" ಅಂತ ನಮ್ಮ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ವರ್ಷವಿಡೀ ಮೆಸೇಜ್ ಬರ್ತಾನೇ ಇರತ್ತೆ. ಹತ್ತು ಜನ ಹತ್ತು ಏರಿಯಾ ಹೆಸರು ಹೇಳ್ತಾರೆ, ಎಲ್ಲರೂ ಒಳ್ಳೆ ಮನಸ್ಸಿಂದಾನೇ ಹೇಳೋದು, ಆದ್ರೆ ಕೇಳಿದವರಿಗೆ ಕೊನೆಗೆ ಸಿಗೋದು ಎರಡು ಮೂರು ಸ್ಕೂಲ್ ಹೆಸರು ಮತ್ತೆ ರೇಟಿಂಗ್ 9, ರೇಟಿಂಗ್ 10 ಅನ್ನೋ ನಂಬರು ಅಷ್ಟೇ. ಆ ನಂಬರ್ ನಂಬ್ಕೊಂಡು ಐದಾರು ಲಕ್ಷ ಡಾಲರ್ ಮನೆಗೆ ಸೈನ್ ಹಾಕೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ, ಯಾಕಂದ್ರೆ ಇಲ್ಲಿ ಸರ್ಕಾರದ ಡೇಟಾ ಎಲ್ಲಾ ಫ್ರೀಯಾಗಿ ಸಿಗತ್ತೆ, ಎರಡು ಸಂಜೆ ಕೂತು ನೋಡಿದ್ರೆ ಸಾಕು, ಯಾರನ್ನೂ ಕೇಳೋ ಅವಶ್ಯಕತೆ ಇಲ್ಲ.

ನಾನು ನಾರ್ತ್ ಕ್ಯಾರೋಲೈನಾದಲ್ಲಿ ರಾಲಿ ಇರೋ ವೇಕ್ ಕೌಂಟಿ ಇಟ್ಕೊಂಡು ಹೇಳ್ತೀನಿ, ಕ್ಯಾರಿ, ಮಾರಿಸ್‌ವಿಲ್, ಏಪೆಕ್ಸ್ ಕಡೆ ನಮ್ಮವರು ಜಾಸ್ತಿ ಬರೋದ್ರಿಂದ. ಬೇರೆ ರಾಜ್ಯಕ್ಕೆ ಹೋಗೋರಿಗೂ ದಾರಿ ಇದೇನೇ, ವೆಬ್‌ಸೈಟ್ ಹೆಸರು ಬದಲಾಗತ್ತೆ ಅಷ್ಟೇ.

ಮೊದಲು ಕೌಂಟಿ ಅಂದ್ರೆ ಏನು ಅಂತ ಸರಿಯಾಗಿ ತಿಳ್ಕೊಳಿ

ಕೌಂಟಿ ಅಂದ್ರೆ ರಾಜ್ಯದೊಳಗೆ ನಮ್ಮ ಜಿಲ್ಲೆ ಥರ, ಆದ್ರೆ ಅಮೆರಿಕದಲ್ಲಿ ಎಲ್ಲಾ ಕಡೆ ಕೌಂಟಿ ಲೆಕ್ಕದಲ್ಲಿ ಸ್ಕೂಲ್ ನಡೆಯಲ್ಲ. ಮೇರಿಲ್ಯಾಂಡಲ್ಲಿ 23 ಕೌಂಟಿ ಮತ್ತೆ ಬಾಲ್ಟಿಮೋರ್ ಸಿಟಿ, ಒಟ್ಟು 24 ಸ್ಕೂಲ್ ಸಿಸ್ಟಮ್, ಅಷ್ಟೇ, ಲೆಕ್ಕ ಸುಲಭ. ವರ್ಜೀನಿಯಾದಲ್ಲಿ ಕೌಂಟಿ ಬೇರೆ, ಇಂಡಿಪೆಂಡೆಂಟ್ ಸಿಟಿ ಬೇರೆ, ಫಾಲ್ಸ್ ಚರ್ಚ್ ಅನ್ನೋ ಪುಟ್ಟ ಊರಿಗೆ ಅದರದ್ದೇ ಸ್ಕೂಲ್ ಡಿವಿಷನ್ ಇದೆ, ಪಕ್ಕದ ರಸ್ತೆ ದಾಟಿದ್ರೆ ಫೇರ್‌ಫ್ಯಾಕ್ಸ್ ಕೌಂಟಿ. ನ್ಯೂಜೆರ್ಸಿ, ಟೆಕ್ಸಸ್ ಕಡೆ ಟೌನ್‌ಶಿಪ್ಪು, ಸ್ಕೂಲ್ ಡಿಸ್ಟ್ರಿಕ್ಟು (ಒಂದೇ ಬೋರ್ಡ್ ನಡೆಸೋ ಸ್ಕೂಲುಗಳ ಗುಂಪು) ಅಂತ ಚಿಕ್ಕ ಚಿಕ್ಕದು, ಕೌಂಟಿ ಹೆಸರಿಗೆ ಅಲ್ಲಿ ಅರ್ಥಾನೇ ಇಲ್ಲ. ನಾರ್ತ್ ಕ್ಯಾರೋಲೈನಾದಲ್ಲಿ 100 ಕೌಂಟಿ, 115 ಡಿಸ್ಟ್ರಿಕ್ಟು, ಅಂದ್ರೆ ಬಹುಪಾಲು ಕೌಂಟಿಗೆ ಒಂದೇ ಡಿಸ್ಟ್ರಿಕ್ಟು, ಕೆಲವಕ್ಕೆ ಎರಡು ಮೂರು. ಆರೆಂಜ್ ಕೌಂಟಿಯಲ್ಲಿ ಚಾಪೆಲ್ ಹಿಲ್ ಕಾರ್‌ಬರೋ ಸಿಟಿ ಸ್ಕೂಲ್ಸ್ ಬೇರೆ, ಆರೆಂಜ್ ಕೌಂಟಿ ಸ್ಕೂಲ್ಸ್ ಬೇರೆ. ನೀವು "ಆರೆಂಜ್ ಕೌಂಟಿ ಚೆನ್ನಾಗಿದೆಯಂತೆ" ಅಂತ ಕೇಳ್ಕೊಂಡು ಬಂದ್ರೆ ಯಾವುದರ ಬಗ್ಗೆ ಹೇಳಿದ್ದು ಅಂತ ಮೊದಲು ಕೇಳ್ಬೇಕು.

ವೇಕ್ ಕೌಂಟಿಯಲ್ಲಿ 1976ರಲ್ಲೇ ರಾಲಿ ಸಿಟಿ ಸ್ಕೂಲುಗಳನ್ನ ಕೌಂಟಿ ಜೊತೆ ಸೇರಿಸಿಬಿಟ್ರು, ಹಂಗಾಗಿ ಇವತ್ತು ಸುಮಾರು 1,60,000 ಮಕ್ಕಳು, ಹತ್ತಿರ ಹತ್ತಿರ 200 ಸ್ಕೂಲು, ಎಲ್ಲಾ ಒಂದೇ ಬೋರ್ಡ್ ಕೆಳಗೆ, ರಾಜ್ಯದಲ್ಲೇ ದೊಡ್ಡ ಡಿಸ್ಟ್ರಿಕ್ಟು. ಇಷ್ಟು ದೊಡ್ಡದಕ್ಕೆ ಒಂದು ಸರಾಸರಿ ನಂಬರ್ ಕೊಟ್ರೆ ಅದರಿಂದ ನಿಮ್ಮ ಮಗುಗೆ ಏನೂ ಗೊತ್ತಾಗಲ್ಲ, ಬೆಂಗಳೂರಿನ ಸರಾಸರಿ ಬಾಡಿಗೆ ಎಷ್ಟು ಅಂತ ಕೇಳಿ ಜಯನಗರದಲ್ಲಿ ಮನೆ ಹುಡುಕೋಕೆ ಹೊರಟ ಹಾಗೆ. ಕೌಂಟಿ ಡೇಟಾ ಬೇಕಾಗೋದು ಒಂದೇ ವಿಷಯಕ್ಕೆ, ರೂಲ್ಸ್ ಏನು, ಕ್ಯಾಲೆಂಡರ್ ಏನು, ಯಾವ ಅಡ್ರೆಸ್‌ಗೆ ಯಾವ ಸ್ಕೂಲು ಅಂತ ಯಾರು ತೀರ್ಮಾನ ಮಾಡ್ತಾರೆ ಅನ್ನೋದಕ್ಕೆ. ಮಿಕ್ಕಿದ್ದೆಲ್ಲಾ ಸ್ಕೂಲ್ ಲೆವೆಲ್ಲಿಗೆ ಇಳಿದು ನೋಡ್ಬೇಕು.

ಇನ್ನೊಂದು ಮುಖ್ಯವಾದ ಮಾತು, ಮನೆ ಅಡ್ರೆಸಲ್ಲಿ ಬರೆದಿರೋ ಊರಿನ ಹೆಸರು ನೋಡಿ ಕೌಂಟಿ ಯಾವುದು ಅಂತ ಅಂದ್ಕೋಬೇಡಿ. ಕ್ಯಾರಿ ಟೌನ್ ಪಶ್ಚಿಮಕ್ಕೆ ಬೆಳೀತಾ ಬೆಳೀತಾ ಚ್ಯಾಥಮ್ ಕೌಂಟಿ ಒಳಗೂ ಹೋಗಿದೆ, ಮಾರಿಸ್‌ವಿಲ್ಲಿನ ಸ್ವಲ್ಪ ಭಾಗ ಡರಮ್ ಕೌಂಟಿಯಲ್ಲಿದೆ. ಅಡ್ರೆಸ್ಸಲ್ಲಿ ಕ್ಯಾರಿ ಅಂತಾನೇ ಇರತ್ತೆ, ಬಸ್ ಮಾತ್ರ ಬೇರೆ ಕೌಂಟಿ ಸ್ಕೂಲಿಂದು ಬರತ್ತೆ. ಆ ಸ್ಕೂಲು ಕೆಟ್ಟದು ಅಂತ ನಾನು ಹೇಳ್ತಿಲ್ಲ, ನೀವು ಎಲ್ಲಾ ಲೆಕ್ಕ ಹಾಕಿರೋದು ವೇಕ್‌ಗೆ, ಸೇರೋದು ಚ್ಯಾಥಮ್‌ಗೆ ಆದ್ರೆ ಮಾಡಿದ ಹೋಮ್‌ವರ್ಕ್ ಎಲ್ಲಾ ವೇಸ್ಟು. ಕೌಂಟಿಯ ಪ್ರಾಪರ್ಟಿ ಟ್ಯಾಕ್ಸ್ ರೆಕಾರ್ಡಲ್ಲಿ ಅಡ್ರೆಸ್ ಹಾಕಿ ನೋಡಿ, ಅಲ್ಲಿ ಸಿಗೋ ಉತ್ತರಾನೇ ಫೈನಲ್.

ರಿಪೋರ್ಟ್ ಕಾರ್ಡ್ ಓದೋದು

2015ರಲ್ಲಿ ಬಂದ ಫೆಡರಲ್ ಕಾನೂನು ಪ್ರಕಾರ ಪ್ರತಿ ರಾಜ್ಯವೂ ಪ್ರತಿ ಪಬ್ಲಿಕ್ ಸ್ಕೂಲಿನ ರಿಪೋರ್ಟ್ ಕಾರ್ಡ್ ಹೊರಗೆ ಹಾಕ್ಲೇಬೇಕು. ನಾರ್ತ್ ಕ್ಯಾರೋಲೈನಾದಲ್ಲಿ ಅದನ್ನ ಸ್ಕೂಲ್ ರಿಪೋರ್ಟ್ ಕಾರ್ಡ್ಸ್ ಅಂತಾನೇ ಕರೀತಾರೆ, ವರ್ಜೀನಿಯಾದಲ್ಲಿ ಸ್ಕೂಲ್ ಕ್ವಾಲಿಟಿ ಪ್ರೊಫೈಲ್ಸ್, ಮೇರಿಲ್ಯಾಂಡಲ್ಲಿ ರಿಪೋರ್ಟ್ ಕಾರ್ಡ್ ಜೊತೆ ಒಂದರಿಂದ ಐದು ಸ್ಟಾರ್. ಝಿಲ್ಲೋ, ರೆಡ್‌ಫಿನ್ ಅನ್ನೋ ಮನೆ ಹುಡುಕೋ ವೆಬ್‌ಸೈಟಲ್ಲಿ ಮನೆ ಕೆಳಗೆ ಕಾಣೋ 1ರಿಂದ 10ರ ನಂಬರ್ ಸರ್ಕಾರದ್ದಲ್ಲ, ಅದು ಗ್ರೇಟ್‌ಸ್ಕೂಲ್ಸ್ ಅನ್ನೋ ಸಂಸ್ಥೆ ರಾಜ್ಯದ ಡೇಟಾ ತಗೊಂಡು ತನ್ನದೇ ಲೆಕ್ಕದಲ್ಲಿ ಮಾಡಿರೋದು. ಅದನ್ನ ನೋಡ್ಬೇಡಿ ಅಂತ ಹೇಳಲ್ಲ, ನೋಡಿ, ಆದ್ರೆ ಅದರ ಮೂಲ ಎಲ್ಲಿದೆಯೋ ಅಲ್ಲಿಗೇ ಹೋಗೋದು ವಾಸಿ.

ನಾರ್ತ್ ಕ್ಯಾರೋಲೈನಾ ರಾಜ್ಯ ಪ್ರತಿ ಸ್ಕೂಲಿಗೂ ಎ ಇಂದ ಎಫ್ ವರೆಗೆ ಗ್ರೇಡ್ ಕೊಡತ್ತೆ, 2013ರಲ್ಲಿ ಕಾನೂನು ಮಾಡಿದ್ದು. 85 ಮತ್ತೆ ಮೇಲೆ ಎ, 70ರಿಂದ 84 ಬಿ, 55ರಿಂದ 69 ಸಿ, ಹಂಗೇ ಕೆಳಗೆ. ಆ ನಂಬರ್ ಹೇಗೆ ಬರತ್ತೆ ಅನ್ನೋದು ಗೊತ್ತಿದ್ರೆ ಅರ್ಧ ಕೆಲಸ ಮುಗೀತು: ಶೇ. 80 ಅಚೀವ್‌ಮೆಂಟು, ಅಂದ್ರೆ ಮುಖ್ಯವಾಗಿ ಆ ವರ್ಷದ ಇಒಜಿ (ಎಂಡ್ ಆಫ್ ಗ್ರೇಡ್, ವರ್ಷದ ಕೊನೆಗೆ ರಾಜ್ಯ ನಡೆಸೋದು) ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ಪಾಸಾದ್ರು ಅನ್ನೋದು, ಮಿಕ್ಕ ಶೇ. 20 ಮಾತ್ರ ಗ್ರೋತು, ಅಂದ್ರೆ ಮಕ್ಕಳು ಹೋದ ವರ್ಷ ಎಲ್ಲಿದ್ರು, ಈ ವರ್ಷ ನಿರೀಕ್ಷೆಗಿಂತ ಎಷ್ಟು ಮುಂದೆ ಬಂದ್ರು ಅನ್ನೋದು.

ಒಂದು ಲೆಕ್ಕ ಮಾಡಿ ತೋರಿಸ್ತೀನಿ, ನಂಬರ್ ನಾನೇ ಹಾಕಿರೋದು, ಯಾವ ಸ್ಕೂಲಿಂದೂ ಅಲ್ಲ. ಮೊದಲನೇ ಸ್ಕೂಲಲ್ಲಿ ಅಚೀವ್‌ಮೆಂಟ್ 90, ಗ್ರೋತ್ 70 ಅಂತ ಇಟ್ಕೊಳಿ. 90ರಲ್ಲಿ ಶೇ. 80 ಅಂದ್ರೆ 72, 70ರಲ್ಲಿ ಶೇ. 20 ಅಂದ್ರೆ 14, ಒಟ್ಟು 86, ಎ ಗ್ರೇಡು. ಎರಡನೇ ಸ್ಕೂಲಲ್ಲಿ ಅಚೀವ್‌ಮೆಂಟ್ 70, ಗ್ರೋತ್ 92. 56 ಪ್ಲಸ್ 18.4, ಒಟ್ಟು 74.4, ಬಿ ಗ್ರೇಡು. ಮನೆ ಹುಡುಕೋರು ಎಲ್ಲರೂ ಮೊದಲನೇದಕ್ಕೆ ಓಡ್ತಾರೆ. ಆದ್ರೆ ಸ್ಕೂಲಿನ ಒಳಗೆ ಟೀಚರ್‌ಗಳು ಮಕ್ಕಳನ್ನ ಮುಂದಕ್ಕೆ ತರ್ತಿರೋದು ಎರಡನೇದ್ರಲ್ಲಿ. ಮೊದಲನೇದ್ರಲ್ಲಿ ಮಕ್ಕಳು ಬರೋವಾಗಲೇ ಓದಿಕೊಂಡು ಬಂದಿದಾರೆ, ಮನೇಲಿ ಅಪ್ಪ ಅಮ್ಮ ಕೂರಿಸ್ಕೊಂಡು ಹೇಳ್ಕೊಡ್ತಾರೆ, ಸಂಜೆ ಕುಮಾನ್ ಟ್ಯೂಷನ್‌ಗೆ ಕಳಿಸ್ತಾರೆ, ಆ ಮಾರ್ಕ್ಸಲ್ಲಿ ಸ್ಕೂಲಿನ ಪಾಲೆಷ್ಟು ಮನೆ ಪಾಲೆಷ್ಟು ಅಂತ ಬಿಡಿಸಿ ಹೇಳೋಕೆ ಆಗಲ್ಲ. ನಮ್ಮವರು ಹೆಚ್ಚಿರೋ ಏರಿಯಾಗಳಲ್ಲಿ ಇದು ಇನ್ನೂ ಜಾಸ್ತಿ. ಟ್ಯೂಷನ್ ಪ್ರಭಾವ ಗ್ರೋತ್ ಮೇಲೂ ಸ್ವಲ್ಪ ಬೀಳತ್ತೆ ಅನ್ನೋದು ನಿಜಾನೇ, ಆದ್ರೂ ಎರಡರಲ್ಲಿ ಸ್ಕೂಲಿನ ಕೆಲಸ ಹೆಚ್ಚು ಕಾಣೋದು ಗ್ರೋತಲ್ಲೇ.

ಇದು ನನ್ನ ಅಭಿಪ್ರಾಯ ಮಾತ್ರ ಅಲ್ಲ. ಸ್ಟ್ಯಾನ್‌ಫರ್ಡಿನ ಪ್ರೊಫೆಸರ್ ಶಾನ್ ರಿಯರ್ಡನ್ ಇಡೀ ದೇಶದ 3ರಿಂದ 8ನೇ ಕ್ಲಾಸಿನ ಪರೀಕ್ಷೆ ಅಂಕ ಒಂದೇ ಅಳತೆಗೆ ತಂದು ನೋಡಿದಾಗ, ಸರಾಸರಿ ಅಂಕ ಮನೆಯವರ ಆದಾಯ ಓದು ಇದಕ್ಕೆ ಅಂಟ್ಕೊಂಡಿರತ್ತೆ, ಕಲಿಕೆಯ ವೇಗ ಅಷ್ಟಾಗಿ ಅಂಟ್ಕೊಂಡಿರಲ್ಲ ಅನ್ನೋದು ಕಾಣಿಸ್ತು. 2017ರಲ್ಲಿ ಅವರು ಹೊರಗೆ ತಂದ ಲೆಕ್ಕದಲ್ಲಿ ಶಿಕಾಗೋ ಪಬ್ಲಿಕ್ ಸ್ಕೂಲ್ ಮಕ್ಕಳು ಮೂರನೇ ಕ್ಲಾಸಿಂದ ಎಂಟನೇ ಕ್ಲಾಸಿಗೆ ಬರೋ ಐದು ವರ್ಷದಲ್ಲಿ ಆರು ವರ್ಷದಷ್ಟು ಕಲಿತಿದ್ರು. ಶಿಕಾಗೋ ಸ್ಕೂಲ್ ಅಂದ್ರೆ ಮೂಗು ಮುರಿಯೋರು ಎಷ್ಟು ಜನ ಇದಾರೆ ಯೋಚನೆ ಮಾಡಿ. ಆ ಡೇಟಾ ಎಲ್ಲಾ ಸ್ಟ್ಯಾನ್‌ಫರ್ಡ್ ಎಜುಕೇಷನ್ ಡೇಟಾ ಆರ್ಕೈವ್ ಅಂತ ಹುಡುಕಿದ್ರೆ ಮ್ಯಾಪ್ ಸಮೇತ ಸಿಗತ್ತೆ, ಡಿಸ್ಟ್ರಿಕ್ಟ್ ಹೆಸರು ಹಾಕಿ ಸರಾಸರಿ ಅಂಕ, ಕಲಿಕೆಯ ವೇಗ, ವರ್ಷದಿಂದ ವರ್ಷಕ್ಕೆ ಬದಲಾವಣೆ ಮೂರನ್ನೂ ಬೇರೆ ಬೇರೆ ನೋಡ್ಬಹುದು. ನ್ಯೂಜೆರ್ಸಿಯಿಂದ ನಾರ್ತ್ ಕ್ಯಾರೋಲೈನಾಗೆ, ಕ್ಯಾಲಿಫೋರ್ನಿಯಾದಿಂದ ವರ್ಜೀನಿಯಾಗೆ ಅಂತ ರಾಜ್ಯ ಬದಲಿಸೋರಿಗೆ ಇದು ತುಂಬಾ ಬೇಕಾಗತ್ತೆ, ಯಾಕಂದ್ರೆ ಒಂದೊಂದು ರಾಜ್ಯದ ಪರೀಕ್ಷೆ ಒಂದೊಂದು ಥರ, ಪಾಸ್ ಗೆರೆ ಒಂದೊಂದು ಕಡೆ ಎಳೆದಿರ್ತಾರೆ, ಇಲ್ಲಿನ ಶೇ. 75 ಅಲ್ಲಿನ ಶೇ. 75 ಜೊತೆ ಹೋಲಿಸೋ ಹಾಗೇ ಇಲ್ಲ.

ಪಾಸ್ ಗೆರೆ ಅಂದಾಗ ನೆನಪಾಯ್ತು, ನಾರ್ತ್ ಕ್ಯಾರೋಲೈನಾ ರಿಪೋರ್ಟಲ್ಲಿ ಎರಡು ನಂಬರ್ ಇರತ್ತೆ. ಒಂದು ಗ್ರೇಡ್ ಲೆವೆಲ್ ಪ್ರೊಫಿಷಿಯಂಟ್, ಅಂದ್ರೆ ಲೆವೆಲ್ 3 ಮತ್ತೆ ಮೇಲೆ. ಇನ್ನೊಂದು ಕಾಲೇಜ್ ಅಂಡ್ ಕರಿಯರ್ ರೆಡಿ, ಅಂದ್ರೆ ಲೆವೆಲ್ 4 ಮತ್ತೆ 5 ಮಾತ್ರ. ಮೊದಲನೇ ನಂಬರ್ ದೊಡ್ಡದಾಗಿ ಕಾಣತ್ತೆ, ಎರಡನೇದನ್ನ ಹುಡುಕಿ ಪಕ್ಕದಲ್ಲಿಟ್ಟು ನೋಡಿ. ಎರಡು ಸ್ಕೂಲಿಗೂ ಮೊದಲನೇ ನಂಬರ್ ಒಂದೇ ಇದ್ದು ಎರಡನೇದ್ರಲ್ಲಿ ದೊಡ್ಡ ವ್ಯತ್ಯಾಸ ಇದ್ರೆ ಒಂದ್ರಲ್ಲಿ ಮಕ್ಕಳು ಗೆರೆ ದಾಟಿ ನಿಂತಿದಾರೆ, ಇನ್ನೊಂದ್ರಲ್ಲಿ ಗಟ್ಟಿಯಾಗಿ ಕಲ್ತಿದಾರೆ ಅಂತ. ಇಲ್ಲಿ ಮ್ಯಾತ್‌ಅಲ್ಲಿ ಲೆವೆಲ್ 5 ಬಂದ ಮಗುಗೆ ಮುಂದಿನ ವರ್ಷ ಅಡ್ವಾನ್ಸ್ಡ್ ಮ್ಯಾತ್ ಕೊಡ್ಬೇಕು ಅಂತ ರಾಜ್ಯದ ಕಾನೂನೇ ಇದೆ, ಅದಕ್ಕೆ ಲೆವೆಲ್ 5 ಎಷ್ಟು ಶೇಕಡಾ ಅಂತಾನೂ ನೋಡ್ಕೊಳಿ, ಆ ಕ್ಲಾಸಲ್ಲಿ ಜೊತೆಗೆ ಕೂರೋಕೆ ಮಕ್ಕಳು ಇರ್ತಾರೋ ಇಲ್ವೋ ಗೊತ್ತಾಗತ್ತೆ.

ಆಮೇಲೆ ಒಂದೇ ವರ್ಷದ ನಂಬರ್ ನೋಡಿ ತೀರ್ಮಾನ ಬೇಡವೇ ಬೇಡ. ಒಂದು ಎಲಿಮೆಂಟರಿಯಲ್ಲಿ ಮೂರನೇ ಕ್ಲಾಸಿಗೆ 90 ಮಕ್ಕಳು ಅಂದ್ರೆ ಒಬ್ಬೊಬ್ಬ ಮಗು ಶೇ. 1ಕ್ಕಿಂತ ಜಾಸ್ತಿ ಆಯ್ತು, ಐದು ಮಕ್ಕಳು ಆ ದಿನ ಸರಿಯಾಗಿ ಬರೀಲಿಲ್ಲ ಅಂದ್ರೆ ನಂಬರ್ ಐದಾರು ಪಾಯಿಂಟ್ ಇಳೀತು. ಸತತ ಮೂರು ವರ್ಷ ನೋಡಿ. ಹಳೇದಕ್ಕೆ ಹೋಗೋರಿಗೆ ಒಂದು ಮಾತು, 2020ರ ವಸಂತದಲ್ಲಿ ಕೊರೋನಾದಿಂದ ದೇಶದಾದ್ಯಂತ ಪರೀಕ್ಷೆನೇ ನಡೀಲಿಲ್ಲ, 2021ರಲ್ಲಿ ತುಂಬಾ ಮಕ್ಕಳು ಬರೆದಿಲ್ಲ, ಆ ಎರಡು ವರ್ಷ ಬಿಟ್ಟುಬಿಡಿ. ಕೆಲವು ಕಡೆ ನಂಬರ್ ಬದಲು 95ಕ್ಕಿಂತ ಹೆಚ್ಚು ಅಂತಾನೋ, 5ಕ್ಕಿಂತ ಕಡಿಮೆ ಅಂತಾನೋ, ಬರೀ ಸ್ಟಾರ್ ಚಿಹ್ನೆನೋ ಇರತ್ತೆ, ಏನೋ ಮುಚ್ಚಿಡ್ತಿದಾರೆ ಅಂತ ಅಂದ್ಕೋಬೇಡಿ, ಗುಂಪು ಚಿಕ್ಕದಿದ್ದಾಗ ಮಗು ಯಾರು ಅಂತ ಗೊತ್ತಾಗಬಾರದು ಅಂತ ಕಾನೂನಿನ ಪ್ರಕಾರ ಮರೆ ಮಾಡೋದು ಅಷ್ಟೇ.

ನಿಮ್ಮ ಮಗು ಯಾವ ಸಾಲಲ್ಲಿ ಬರತ್ತೆ ನೋಡಿ

ಒಟ್ಟು ಗ್ರೇಡಿಗಿಂತ ಕೆಳಗೆ ಗುಂಪು ಗುಂಪಾಗಿ ಸಾಲುಗಳಿರತ್ತಲ್ಲ, ಅದು ಮುಖ್ಯ. ಇಂಗ್ಲಿಷ್ ಲರ್ನರ್, ಸ್ಟೂಡೆಂಟ್ಸ್ ವಿತ್ ಡಿಸೆಬಿಲಿಟಿ, ಅಕಡೆಮಿಕಲಿ ಗಿಫ್ಟೆಡ್, ಆರ್ಥಿಕವಾಗಿ ಹಿಂದುಳಿದವರು, ಹಂಗೆ. ನಿಮ್ಮ ಮಗುಗೆ ಐಇಪಿ (ವಿಶೇಷ ಸಹಾಯ ಬೇಕಾದ ಮಗುಗೆ ಸ್ಕೂಲ್ ಮಾಡೋ ಕಲಿಕೆಯ ಪ್ಲಾನು) ಇದ್ರೆ, ಸ್ಪೀಚ್ ಥೆರಪಿ ಬೇಕಿದ್ರೆ, ಸ್ಕೂಲಿನ ಎ ಗ್ರೇಡ್ ನಿಮಗೆ ಏನೂ ಹೇಳಲ್ಲ, ಡಿಸೆಬಿಲಿಟಿ ಸಾಲಿನ ಗ್ರೋತ್ ಹೇಗಿದೆ ಅದನ್ನ ನೋಡಿ, ಅದೊಂದು ಸಾಲಿಗೋಸ್ಕರ ಸ್ಕೂಲ್ ಬದಲಿಸೋದು ಸರಿಯಾದ ನಿರ್ಧಾರಾನೇ.

ಇಂಡಿಯಾದಿಂದ ನೇರ ಬರೋ ಮಕ್ಕಳ ಬಗ್ಗೆ ಹೇಳ್ಲೇಬೇಕು. ಅಡ್ಮಿಷನ್ ಫಾರ್ಮಲ್ಲಿ ಮನೆಯಲ್ಲಿ ಯಾವ ಭಾಷೆ ಅಂತ ಕೇಳ್ತಾರೆ, ಕನ್ನಡ ಅಂತ ಬರೆದ್ರೆ ಮಗುಗೆ ವಿಡಾ ಅನ್ನೋ ಇಂಗ್ಲಿಷ್ ಸ್ಕ್ರೀನಿಂಗ್ ಟೆಸ್ಟ್ ಇರತ್ತೆ. ಅದಕ್ಕೆ ಹೆದರಿ ತುಂಬಾ ಜನ ಇಂಗ್ಲಿಷ್ ಅಂತ ಬರೀತಾರೆ, ಗ್ರೂಪಲ್ಲಿ ಹಂಗೇ ಬರೀರಿ ಅಂತ ಸಲಹೆನೂ ಕೊಡ್ತಾರೆ. ದಯವಿಟ್ಟು ಹಂಗೆ ಮಾಡ್ಬೇಡಿ. ಮನೇಲಿ ಕನ್ನಡ ಮಾತಾಡ್ತೀವಿ ಅಂದ್ರೆ ಕನ್ನಡ ಅಂತಾನೇ ಬರೀರಿ. ಇಂಗ್ಲಿಷ್ ಚೆನ್ನಾಗಿದ್ರೆ ಟೆಸ್ಟ್ ಪಾಸಾಗಿ ಮಾಮೂಲಿ ಕ್ಲಾಸಿಗೆ ಹೋಗತ್ತೆ, ಸಹಾಯ ಬೇಕಿದ್ರೆ ಸಹಾಯ ಸಿಗತ್ತೆ, ಆ ಸಹಾಯ ಮಗುವಿನ ಹಕ್ಕು. ಸ್ಕೂಲಿನ ರಿಪೋರ್ಟಲ್ಲಿ ಇಂಗ್ಲಿಷ್ ಲರ್ನರ್ ಮಕ್ಕಳ ಸಾಲು ಒಳ್ಳೆದಿದ್ರೆ ಅಲ್ಲಿ ಇಎಸ್ಎಲ್ ಟೀಚರ್, ಅಂದ್ರೆ ಮನೆ ಭಾಷೆ ಬೇರೆ ಇರೋ ಮಕ್ಕಳಿಗೆ ಇಂಗ್ಲಿಷ್ ಕಲಿಸೋರು, ಚೆನ್ನಾಗಿ ಕೆಲಸ ಮಾಡ್ತಿದಾರೆ ಅಂತ ಅರ್ಥ.

ಮಿಡಲ್ ಸ್ಕೂಲ್, ಹೈಸ್ಕೂಲ್ ಮಕ್ಕಳಿದ್ರೆ ಫೆಡರಲ್ ಎಜುಕೇಷನ್ ಡಿಪಾರ್ಟ್‌ಮೆಂಟಿನ ಸಿವಿಲ್ ರೈಟ್ಸ್ ಡೇಟಾ ಕಲೆಕ್ಷನ್ ಅಂತ ಒಂದಿದೆ, ಅದರ ಬಗ್ಗೆ ನಮ್ಮವರಿಗೆ ಗೊತ್ತಿರೋದೇ ಕಡಿಮೆ. ಸ್ಕೂಲ್ ಹೆಸರು ಹಾಕಿದ್ರೆ ಎಂಟನೇ ಕ್ಲಾಸಲ್ಲಿ ಆಲ್ಜೀಬ್ರಾ ತಗೊಂಡವರು ಎಷ್ಟು, ಎಪಿ ಕೋರ್ಸ್ (ಹೈಸ್ಕೂಲಲ್ಲೇ ಕಾಲೇಜ್ ಮಟ್ಟದ್ದು) ತಗೊಂಡವರು ಎಷ್ಟು, ಕೌನ್ಸೆಲರ್ ಎಷ್ಟು ಜನ, ಸಸ್ಪೆನ್ಷನ್ ಎಷ್ಟು, ಎಲ್ಲಾ ಬರತ್ತೆ. ಸ್ವಲ್ಪ ಹಳೇ ವರ್ಷದ್ದು ಇರತ್ತೆ, ಆದ್ರೂ ಅಂದಾಜು ಸಿಗತ್ತೆ. ಸ್ಕೂಲ್ ಕೌನ್ಸೆಲರ್‌ಗಳ ರಾಷ್ಟ್ರೀಯ ಸಂಘ 250 ಮಕ್ಕಳಿಗೆ ಒಬ್ಬ ಕೌನ್ಸೆಲರ್ ಇರ್ಬೇಕು ಅನ್ನತ್ತೆ, ನೀವು ನೋಡ್ತಿರೋ ಹೈಸ್ಕೂಲಲ್ಲಿ ಎಷ್ಟು ಅಂತ ಭಾಗಿಸಿ ನೋಡಿ. ಕಾಲೇಜ್ ಅಪ್ಲಿಕೇಷನ್ ಟೈಮಲ್ಲಿ ಇದರ ಬೆಲೆ ಗೊತ್ತಾಗತ್ತೆ.

ಕ್ರಾನಿಕ್ ಆಬ್ಸೆಂಟೀಯಿಸಂ ಅನ್ನೋ ನಂಬರ್ ನಾನಂತೂ ತಪ್ಪದೇ ನೋಡ್ತೀನಿ. ವರ್ಷದಲ್ಲಿ ಶೇ. 10 ದಿನ ಅಥವಾ ಅದಕ್ಕಿಂತ ಜಾಸ್ತಿ, ಅಂದ್ರೆ 180 ದಿನದ ಲೆಕ್ಕದಲ್ಲಿ 18 ದಿನ ಅಥವಾ ಮೇಲೆ, ರಜ ಹಾಕೋ ಮಕ್ಕಳು ಎಷ್ಟು ಅಂತ. ಮಕ್ಕಳು ಸ್ಕೂಲಿಗೆ ಬರೋಕೆ ಇಷ್ಟಪಡ್ತಾರಾ, ಮನೆಯವರಿಗೆ ಸ್ಕೂಲ್ ಮೇಲೆ ನಂಬಿಕೆ ಇದೆಯಾ ಅನ್ನೋದು ಪರೀಕ್ಷೆ ಅಂಕಕ್ಕಿಂತ ಇಲ್ಲಿ ಚೆನ್ನಾಗಿ ಕಾಣತ್ತೆ. ಅಂದಹಾಗೆ, ಮದುವೆ ಗೃಹಪ್ರವೇಶ ಅಂತ ಸ್ಕೂಲ್ ನಡೀವಾಗ ಒಂದು ತಿಂಗಳು ಊರಿಗೆ ಕರ್ಕೊಂಡು ಹೋದ್ರೆ ನಮ್ಮ ಮಕ್ಕಳೂ ಇದೇ ಲೆಕ್ಕಕ್ಕೆ ಸೇರ್ತಾರೆ, ಟಿಕೆಟ್ ಬುಕ್ ಮಾಡೋ ಮುಂಚೆ ಆಫೀಸಲ್ಲಿ ಕೇಳ್ಕೊಳಿ. ಟೀಚರ್ ಡೇಟಾನೂ ರಿಪೋರ್ಟ್ ಕಾರ್ಡಲ್ಲೇ ಇರತ್ತೆ, ಹೊಸ ಟೀಚರ್‌ಗಳು ಶೇಕಡಾ ಎಷ್ಟು ಅಂತ. ಒಂದೇ ಕೌಂಟಿ, ಒಂದೇ ಸಂಬಳದ ಪಟ್ಟಿ, ಆದ್ರೂ ಒಂದು ಸ್ಕೂಲಲ್ಲಿ ಪಕ್ಕದ ಸ್ಕೂಲಿಗಿಂತ ಹೊಸಬರು ತುಂಬಾ ಜಾಸ್ತಿ ಇದ್ರೆ ಹಳಬರು ಯಾಕೆ ಬಿಟ್ರು ಅಂತ ಕೇಳ್ಬೇಕಾದ್ದೇ.

ಬಡ ಮಕ್ಕಳ ಶೇಕಡಾ ನೋಡಿ ಸ್ಕೂಲ್ ಅಳೀಬೇಡಿ. ಫ್ರೀ ಊಟದ ನಂಬರ್ ಈಗ ಮೊದಲಿನ ಹಾಗೆ ಏನನ್ನೂ ಸರಿಯಾಗಿ ಹೇಳಲ್ಲ, ಕೆಲವು ಸ್ಕೂಲಲ್ಲಿ ಫೆಡರಲ್ ಸ್ಕೀಮಿನ ಪ್ರಕಾರ ಎಲ್ಲಾ ಮಕ್ಕಳಿಗೂ ಊಟ ಫ್ರೀ, ಹಂಗಾಗಿ ನಂಬರ್ ಶೇ. 100 ಅಂತ ಕಾಣ್ಬಹುದು. ಅದೂ ಅಲ್ಲದೆ ಎಲ್ಲಾ ಥರದ ಮನೆಯ ಮಕ್ಕಳ ಜೊತೆ ಬೆಳೆಯೋದು ನಮ್ಮ ಮಕ್ಕಳಿಗೆ ಒಳ್ಳೇದು ಅಂತ ನಾನು ಪೂರ್ತಿ ನಂಬ್ತೀನಿ. "ಇಂಡಿಯನ್ಸ್ ಎಷ್ಟಿದಾರೆ" ಅಂತಲೂ ಕೇಳ್ತಾರೆ, ಒಬ್ಬರೂ ಇಲ್ಲದೆ ಮಗು ಒಂಟಿ ಆಗಬಾರದು ಅನ್ನೋ ಆಸೆ ಅರ್ಥ ಆಗತ್ತೆ, ಆದ್ರೆ ತುಂಬಾ ಜಾಸ್ತಿ ಇರೋ ಕಡೆ ಮಿಡಲ್ ಸ್ಕೂಲ್ ಮಕ್ಕಳ ಮೇಲೆ ಹೋಲಿಕೆಯ ಒತ್ತಡ ಎಷ್ಟಿದೆ ಅಂತ ಅಲ್ಲಿ ಓದ್ತಿರೋ ಮಕ್ಕಳನ್ನೇ ಕೇಳಿ ನೋಡಿ, ಅಪ್ಪ ಅಮ್ಮನ್ನ ಅಲ್ಲ. ರಿಯಲ್ಟರ್‌ನ (ಮನೆ ತೋರಿಸೋ ಏಜೆಂಟನ್ನ) ಕೇಳಿದ್ರೆ ಅವರು ಬಾಯಿ ಬಿಡಲ್ಲ, ಫೇರ್ ಹೌಸಿಂಗ್ ಕಾನೂನಿದೆ, ಯಾವ ಜನ ಇದಾರೆ ಅಂತ ಹೇಳಿ ಮನೆ ತೋರಿಸೋ ಹಾಗಿಲ್ಲ, ಸ್ಕೂಲ್ ಒಳ್ಳೇದಾ ಅಂತ ಕೇಳಿದ್ರೂ ನೀವೇ ನೋಡ್ಕೊಳಿ ಅಂತಾರೆ. ಅವರು ಸಹಾಯ ಮಾಡ್ತಿಲ್ಲ ಅಂತ ಬೇಜಾರ್ ಮಾಡ್ಕೋಬೇಡಿ.

ಅಡ್ರೆಸ್, ಕ್ಯಾಪ್, ಕ್ಯಾಲೆಂಡರ್

ಇದು ಮೂರೂ ಯಾವ ರೇಟಿಂಗಲ್ಲೂ ಬರಲ್ಲ, ವೇಕ್ ಕೌಂಟಿಯಲ್ಲಿ ಜನ ಎಡವೋದೆಲ್ಲಾ ಇಲ್ಲೇ.

ಕೌಂಟಿ ಸ್ಕೂಲ್ ವೆಬ್‌ಸೈಟಲ್ಲಿ ಅಡ್ರೆಸ್ ಹಾಕಿದ್ರೆ ಬೇಸ್ ಸ್ಕೂಲ್, ಅಂದ್ರೆ ಆ ಅಡ್ರೆಸ್‌ಗೆ ಗೊತ್ತು ಮಾಡಿರೋ ಸ್ಕೂಲ್, ಯಾವುದು ಅಂತ ತೋರಿಸತ್ತೆ, ಎಲಿಮೆಂಟರಿ, ಮಿಡಲ್, ಹೈ ಮೂರೂ. ಝಿಲ್ಲೋದಲ್ಲಿ ತೋರಿಸೋದು ಹಳೇದಿರ್ಬಹುದು, ಅವರೇ ಕೆಳಗೆ ಚಿಕ್ಕ ಅಕ್ಷರದಲ್ಲಿ ಚೆಕ್ ಮಾಡ್ಕೊಳಿ ಅಂತ ಬರೆದಿರ್ತಾರೆ. ಆಮೇಲೆ ಅಲ್ಲೇ ಕ್ಯಾಪ್ ಆಗಿರೋ ಸ್ಕೂಲುಗಳ ಪಟ್ಟಿ ಇರತ್ತೆ, ಅದನ್ನ ನೋಡಿ. ಕ್ಯಾಪ್ ಅಂದ್ರೆ ಸ್ಕೂಲ್ ತುಂಬಿ ಹೋಗಿದೆ, ಆ ಏರಿಯಾಗೆ ಹೊಸದಾಗಿ ಬರೋ ಮಕ್ಕಳಿಗೆ ಸೀಟಿಲ್ಲ, ಬೇರೆ ಒಂದು ಓವರ್‌ಫ್ಲೋ ಸ್ಕೂಲಿಗೆ ಕಳಿಸ್ತಾರೆ, ಸೀಟ್ ಖಾಲಿ ಆಗೋವರೆಗೆ ಕಾಯ್ಬೇಕು. ಮನೆ ಜಗಲಿಯಿಂದ ನೋಡಿದ್ರೆ ಕಾಣೋ ಸ್ಕೂಲಿಗೇ ಮಗುನ ಕಳಿಸೋಕೆ ಆಗದೆ ದಿನಾ ಬಸ್ಸಲ್ಲಿ ದೂರದ ಸ್ಕೂಲಿಗೆ ಕಳಿಸೋ ಮನೆಯವರು ನನಗೇ ಪರಿಚಯ ಇದಾರೆ, ಮನೆ ತಗೊಂಡಿದ್ದೇ ಆ ಸ್ಕೂಲಿಗೋಸ್ಕರ. ಕ್ಯಾಪ್ ಪಟ್ಟಿ ಬದಲಾಗ್ತಾ ಇರತ್ತೆ, ಹಂಗಾಗಿ ಮನೆ ನೋಡೋವಾಗ ಒಂದು ಸಲ, ಸೈನ್ ಹಾಕೋ ವಾರ ಇನ್ನೊಂದು ಸಲ ನೋಡಿ, ಡಿಸ್ಟ್ರಿಕ್ಟ್ ಅಸೈನ್‌ಮೆಂಟ್ ಆಫೀಸಿಗೆ ಈಮೇಲ್ ಹಾಕಿ ಈ ಅಡ್ರೆಸ್‌ಗೆ ಇಂಥ ತಿಂಗಳು ಇಂಥ ಗ್ರೇಡಿಗೆ ಸೇರಿಸಿದ್ರೆ ಯಾವ ಸ್ಕೂಲ್ ಅಂತ ಬರವಣಿಗೆಯಲ್ಲಿ ಉತ್ತರ ತಗೊಳಿ.

ಹೊಸ ಬಡಾವಣೆ ಇದ್ರೆ ಇನ್ನೂ ಹುಷಾರು. ಏಪೆಕ್ಸ್, ಹಾಲಿ ಸ್ಪ್ರಿಂಗ್ಸ್, ವೆಸ್ಟ್ ಕ್ಯಾರಿ ಕಡೆ ಮನೆ ಏಳ್ತಾನೇ ಇದೆ, ಹೊಸ ಸ್ಕೂಲ್ ಕಟ್ಟಿದಾಗೆಲ್ಲಾ ಗಡಿ ಬದಲಿಸ್ತಾರೆ. 2019ರಲ್ಲಿ ಗ್ರೀನ್ ಲೆವೆಲ್ ಹೈಸ್ಕೂಲ್ ಶುರುವಾದಾಗ ಸುತ್ತಮುತ್ತ ಎಷ್ಟೋ ಮನೆಗಳ ಹೈಸ್ಕೂಲ್ ಬದಲಾಯ್ತು. ಬೋರ್ಡ್ ಮೀಟಿಂಗ್ ಕಾಗದ ಎಲ್ಲಾ ಆನ್‌ಲೈನಲ್ಲಿ ಇರತ್ತೆ, ಮುಂದಿನ ವರ್ಷಗಳಲ್ಲಿ ಎಲ್ಲಿ ಸ್ಕೂಲ್ ತೆಗೀತಾರೆ ಅಂತ ಪ್ಲಾನ್ ಸಿಗತ್ತೆ. ಚಿಕ್ಕವನು ಈಗ ಒಂದನೇ ಕ್ಲಾಸಾದ್ರೆ ಅವನು ಹೈಸ್ಕೂಲಿಗೆ ಹೋಗೋಷ್ಟರಲ್ಲಿ ಈಗಿನ ಗಡಿ ಹಂಗೇ ಇರತ್ತೆ ಅಂತ ಯಾರೂ ಗ್ಯಾರಂಟಿ ಕೊಡಲ್ಲ, ಅದಕ್ಕೆ ಹೈಸ್ಕೂಲ್ ಹೆಸರಿಗೋಸ್ಕರ ಈಗಲೇ ಜಾಸ್ತಿ ದುಡ್ಡು ಕೊಡೋದು ನನಗೆ ಸರಿ ಕಾಣಲ್ಲ.

ಕ್ಯಾಲೆಂಡರ್ ವಿಷಯ ನಮ್ಮವರಿಗೆ ತುಂಬಾ ಮುಖ್ಯ, ಊರಿಗೆ ಹೋಗೋ ಪ್ರಶ್ನೆ ಇರೋದ್ರಿಂದ. ವೇಕ್‌ನಲ್ಲಿ ಟ್ರೆಡಿಷನಲ್ ಸ್ಕೂಲೂ ಇದೆ, ಇಯರ್ ರೌಂಡ್ ಸ್ಕೂಲೂ ಇದೆ. ಟ್ರೆಡಿಷನಲ್ ಅಂದ್ರೆ ರಾಜ್ಯದ ಕಾನೂನಿನ ಪ್ರಕಾರ ಆಗಸ್ಟ್ 26ರ ಹತ್ತಿರದ ಸೋಮವಾರಕ್ಕಿಂತ ಮುಂಚೆ ಶುರು ಮಾಡೋ ಹಾಗಿಲ್ಲ, ಜೂನ್ 11ರ ಹತ್ತಿರದ ಶುಕ್ರವಾರದೊಳಗೆ ಮುಗಿಸ್ಬೇಕು, ಅಂದ್ರೆ ಬೇಸಿಗೆ ಎರಡು ತಿಂಗಳ ಮೇಲೆ ರಜ. ಇಯರ್ ರೌಂಡ್ ಮಲ್ಟಿ ಟ್ರ್ಯಾಕ್ ಅಂದ್ರೆ ಮಕ್ಕಳನ್ನ ನಾಲ್ಕು ಟ್ರ್ಯಾಕ್ ಮಾಡಿ, ಒಂಬತ್ತು ವಾರ ಸ್ಕೂಲು ಮೂರು ವಾರ ರಜ, ಯಾವಾಗ್ಲೂ ಮೂರು ಟ್ರ್ಯಾಕ್ ಒಳಗೆ ಒಂದು ಹೊರಗೆ, ಹಂಗೆ ಒಂದೇ ಕಟ್ಟಡದಲ್ಲಿ ಜಾಸ್ತಿ ಮಕ್ಕಳು ಓದ್ತಾರೆ. ಮೂರು ವಾರದ ರಜ ನಾಲ್ಕು ಸಲ ಸಿಗೋದ್ರಿಂದ ಚಳಿಗಾಲದಲ್ಲೋ ದಸರಾ ಹತ್ತಿರಾನೋ ಊರಿಗೆ ಹೋಗ್ಬಹುದು, ಬೇಸಿಗೆಯ ಟಿಕೆಟ್ ರೇಟ್ ತಪ್ಪತ್ತೆ, ಅಜ್ಜಿ ತಾತನ ಜೊತೆ ಒಂದು ಹಬ್ಬ ಮಾಡ್ಬಹುದು, ಇದು ನಿಜವಾದ ಲಾಭ. ಆದ್ರೆ ಇಬ್ಬರೂ ಕೆಲಸಕ್ಕೆ ಹೋಗೋ ಮನೇಲಿ ಪ್ರತಿ ಟ್ರ್ಯಾಕ್ ಔಟಿಗೂ ಕ್ಯಾಂಪ್ ಖರ್ಚು, ಮತ್ತೆ ಹೈಸ್ಕೂಲುಗಳು ಹೆಚ್ಚಾಗಿ ಟ್ರೆಡಿಷನಲ್ ಆಗಿರೋದ್ರಿಂದ ದೊಡ್ಡವಳಿಗೆ ರಜ ಇದ್ದಾಗ ಚಿಕ್ಕವನಿಗೆ ಇರಲ್ಲ, ಇಬ್ಬರ ಕ್ಯಾಲೆಂಡರ್ ಪ್ರಿಂಟ್ ತೆಗೆದು ಪಕ್ಕ ಪಕ್ಕ ಇಟ್ಟು ಪೆನ್ನಲ್ಲಿ ಗುರುತು ಹಾಕಿ ನೋಡಿ ಆಮೇಲೆ ಮನೆ ವಿಷಯ ಮಾತಾಡಿ. ಕ್ಯಾಲೆಂಡರ್ ಒಗ್ಗದೇ ಇದ್ರೆ ಬೇರೆ ಕ್ಯಾಲೆಂಡರ್ ಸ್ಕೂಲಿಗೆ ಅರ್ಜಿ ಹಾಕ್ಬಹುದು, ಮ್ಯಾಗ್ನೆಟ್ ಸ್ಕೂಲಿಗೂ (ವಿಶೇಷ ಕೋರ್ಸುಗಳಿರೋ, ಬೇರೆ ಏರಿಯಾದವರೂ ಸೇರ್ಬಹುದಾದ ಪಬ್ಲಿಕ್ ಸ್ಕೂಲು) ಹಾಕ್ಬಹುದು, ರಾಲಿಯ ಎನ್ಲೋ ಹೈಸ್ಕೂಲ್ ಥರದ್ದು, ಆದ್ರೆ ಅರ್ಜಿಗೆ ಕಾಲ ಇದೆ, ಬೇಸಿಗೆಯಲ್ಲಿ ಬಂದವರಿಗೆ ಅದು ಮುಗಿದು ಹೋಗಿರತ್ತೆ.

ಕಿಂಡರ್‌ಗಾರ್ಟನ್ ಮಗು ಇದ್ರೆ ವಯಸ್ಸಿನ ಕಟ್ ಆಫ್ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾರ್ತ್ ಕ್ಯಾರೋಲೈನಾದಲ್ಲಿ ಆಗಸ್ಟ್ 31ಕ್ಕೆ 5 ತುಂಬಿರ್ಬೇಕು, ವರ್ಜೀನಿಯಾದಲ್ಲಿ ಸೆಪ್ಟೆಂಬರ್ 30ಕ್ಕೆ. ಸೆಪ್ಟೆಂಬರ್ 15ಕ್ಕೆ ಹುಟ್ಟಿದ ಮಗು ಅಲ್ಲಿ ಸೇರತ್ತೆ, ಇಲ್ಲಿ ಇನ್ನೊಂದು ವರ್ಷ ಡೇಕೇರ್ ಫೀಸು.

ಕೊನೆಗೆ ಹೋಗಿ ನೋಡಿ, ಸಾಧ್ಯ ಆದ್ರೆ ಬಾಡಿಗೆಗೆ ಇರಿ

ಡೇಟಾದಿಂದ ಮೂರು ನಾಲ್ಕು ಸ್ಕೂಲಿಗೆ ಇಳಿಸ್ಕೊಂಡ ಮೇಲೆ ಸ್ಕೂಲ್ ಬಿಡೋ ಹೊತ್ತಿಗೆ ಹೋಗಿ ಹೊರಗೆ ನಿಂತ್ಕೊಳಿ. ಹಿಂದೆ ಮೊಬೈಲ್ ಕ್ಲಾಸ್‌ರೂಮ್ (ಜಾಗ ಸಾಲದೆ ತಂದಿಡೋ ಟ್ರೇಲರ್ ಥರದ ತಾತ್ಕಾಲಿಕ ರೂಮು) ಎಷ್ಟು ನಿಂತಿದೆ ಎಣಿಸಿ, ಅದು ಸ್ಕೂಲ್ ಎಷ್ಟು ತುಂಬಿದೆ ಅನ್ನೋದಕ್ಕೆ ಸಾಕ್ಷಿ. ಕಾರ್‌ಪೂಲ್ ಲೈನ್ (ಮಕ್ಕಳನ್ನ ಕರ್ಕೊಂಡು ಹೋಗೋಕೆ ಬಂದ ಕಾರುಗಳ ಸಾಲು) ರಸ್ತೆವರೆಗೂ ಬಂದಿದೆಯಾ, ಟೀಚರ್‌ಗಳು ಮಕ್ಕಳನ್ನ ಹೆಸರಿಡಿದು ಕರೆದು ಕಾರ್ ಹತ್ತಿಸ್ತಿದಾರಾ, ಬಸ್ ಎಷ್ಟು ಲೇಟ್, ಇದೆಲ್ಲಾ ಒಂದು ಅರ್ಧ ಗಂಟೇಲಿ ಗೊತ್ತಾಗತ್ತೆ. ಫ್ರಂಟ್ ಆಫೀಸಿಗೆ ಫೋನ್ ಮಾಡಿ ಟೂರ್ ಕೇಳಿ, ಮೂರನೇ ಕ್ಲಾಸಿನ ಒಂದು ಸೆಕ್ಷನ್ನಲ್ಲಿ ಎಷ್ಟು ಮಕ್ಕಳು, ಮಗು ಮ್ಯಾತ್ ಮುಂದಿದ್ರೆ ಏನು ಮಾಡ್ತೀರಿ, ಹಿಂದಿದ್ರೆ ಏನು ಮಾಡ್ತೀರಿ ಅಂತ ಎರಡೂ ಕೇಳಿ. ಎರಡನೇ ಪ್ರಶ್ನೆಗೆ ಸಿಗೋ ಉತ್ತರದಲ್ಲಿ ಸ್ಕೂಲಿನ ಗುಣ ಜಾಸ್ತಿ ಕಾಣತ್ತೆ.

ಹೊಸದಾಗಿ ಬರೋರು ಮೊದಲ ವರ್ಷ ಬಾಡಿಗೆಗೆ ಇರೋದು ವಾಸಿ ಅಂತ ನನ್ನ ಗಟ್ಟಿ ಅಭಿಪ್ರಾಯ. ದೊಡ್ಡ ಮನೆಗಳು ಇರೋ ಸ್ಕೂಲ್ ಗಡಿಯೊಳಗೇ ಅಪಾರ್ಟ್‌ಮೆಂಟೂ ಟೌನ್‌ಹೋಮೂ ಇರತ್ತೆ, ಲೀಸ್ ಇದ್ರೆ ಸ್ವಂತ ಮನೆಯವರಿಗೆ ಇರೋ ಹಕ್ಕೇ ನಿಮಗೂ, ಅದೇ ಬಸ್ಸು ಅದೇ ಕ್ಲಾಸು. ವೀಸಾ ಕೆಲಸ ಎಲ್ಲಾ ಅಲುಗಾಡ್ತಿರೋ ಕಾಲದಲ್ಲಿ ಸ್ಕೂಲಿಗೋಸ್ಕರ ಅಂತ ಅವಸರದಲ್ಲಿ ಮನೆ ತಗೊಂಡು ಸಿಕ್ಕಿ ಹಾಕ್ಕೊಳ್ಳೋದು ಬೇಡ.

ಸೇರಿಸೋಕೆ ಹೋಗೋವಾಗ ಲೀಸ್ ಅಥವಾ ಮನೆ ಕಾಗದ, ಕರೆಂಟ್ ಅಥವಾ ನೀರಿನ ಬಿಲ್, ಮಗುವಿನ ಬರ್ತ್ ಸರ್ಟಿಫಿಕೇಟ್ ಅಥವಾ ಪಾಸ್‌ಪೋರ್ಟ್, ಹಳೇ ಸ್ಕೂಲಿನ ಮಾರ್ಕ್ಸ್ ಕಾರ್ಡ್ ಇಟ್ಕೊಳಿ. ಇಲ್ಲಿ ಲಸಿಕೆ ದಾಖಲೆ ಮತ್ತೆ ಡಾಕ್ಟರ್ ತಪಾಸಣೆ ಫಾರ್ಮ್ ಸ್ಕೂಲ್ ಶುರುವಾಗಿ 30 ದಿನದೊಳಗೆ ಕೊಡ್ಲೇಬೇಕು, ಇಲ್ದಿದ್ರೆ ಮಗುನ ಮನೆಗೆ ಕಳಿಸ್ತಾರೆ. ಇಂಡಿಯಾದ ವ್ಯಾಕ್ಸಿನ್ ಪುಸ್ತಕದಲ್ಲಿ ತಾರೀಖು ಅಳಿಸಿ ಹೋಗಿದ್ರೆ ಹೊರಡೋ ಮುಂಚೆ ಅಲ್ಲಿನ ಡಾಕ್ಟರ್ ಹತ್ರಾನೇ ಟೈಪ್ ಮಾಡಿಸಿ, ಪ್ರತಿ ಡೋಸಿಗೂ ದಿನ ತಿಂಗಳು ವರ್ಷ ಬರೆಸಿ, ಸೀಲ್ ಹಾಕಿಸ್ಕೊಂಡು ಬನ್ನಿ.